ಹಸಿರು ಪುಸ್ತಕದ ನಲವತ್ತೊಂದನೇ ಪುಟ

ಟೈಪಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವನು ದವಾಖಾನೆಯ ಕಂಪೌಂಡರ್. ಅವಳು ಕೆಲಸಕ್ಕೆ ಸೇರಿದ ದಿನ ನಿಜವಾದ ಹೆಸರು ಕೇಳುವ ಗೋಜಿಗೂ ಹೋಗದೆ, "ಟೈಪಕ್ಕಾ, ಕಿಟಕಿ ಪಕ್ಕದ ಮೇಜು ನಿಮ್ದು" ಅಂದುಬಿಟ್ಟಿದ್ದ. ಅವನಿಗಿಂತ ಅವಳು ನಾಲ್ಕು ವರ್ಷ ಚಿಕ್ಕವಳು. ಆದರೂ ಅಕ್ಕ. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಮುಂದೆ ಕಾಗದ ತರುವ ಅಂಚೆಯವನೂ ಹಾಗೆಯೇ ಕರೆದ, ಸಿಟ್ಟು ಬಂದಾಗ ಗಂಡನೂ ಹಾಗೆಯೇ ಕರೆದ.

ಆಗ ಅವಳಿಗೆ ಇಪ್ಪತ್ತೆರಡು. ಸೈಕಲ್ ಅಂಗಡಿಯ ಮಹಡಿಯಲ್ಲಿದ್ದ ತರಗತಿಯಲ್ಲಿ ಆರು ತಿಂಗಳು ಬೆರಳಚ್ಚು ಕಲಿತಿದ್ದಳು. ಗಂಡನಿಗೆ ನೂಲಿನ ಗಿರಣಿಯಲ್ಲಿ ಪಾಳಿಯ ಕೆಲಸ. ಎಂಟು ತಿಂಗಳ ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಕ್ಕಳ ಡಾಕ್ಟರಿಗೆ ಟೈಪು ಮಾಡುವವರು ಬೇಕಾಗಿದ್ದಾರೆ ಎಂದು ಕೇಳಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗಿ ನಿಂತಳು. ಡಾಕ್ಟರು ಅವಳ ಪ್ರಮಾಣಪತ್ರ ನೋಡಲಿಲ್ಲ, ಮಗುವನ್ನು ನೋಡಿದರು.

"ಇವಳು ಚೆನ್ನಾಗಿ ಅಳ್ತಾಳಾ?"

"ಅಳ್ತಾಳೆ ಸಾರ್." ಕೆಲಸ ಕೈತಪ್ಪಿತು ಅಂದುಕೊಂಡೇ ಹೇಳಿದಳು.

"ಒಳ್ಳೇದಾಯ್ತು. ಅಳದೇ ಇರೋ ಮಕ್ಕಳಂದ್ರೆ ನನಗೆ ಭಯ ಕಣಮ್ಮ. ನಾಳೆಯಿಂದ ಬಾ."

ಔಷಧಿ ಸೀಸೆಗಳು ಬರುತ್ತಿದ್ದ ಮರದ ಪೆಟ್ಟಿಗೆಯೊಂದಕ್ಕೆ ಹಳೆಯ ದುಪ್ಪಟಿ ಹಾಸಿ ಮೇಜಿನ ಕೆಳಗಿಟ್ಟರು. ಮಗು ಅದರಲ್ಲಿ ಮಲಗಿತು. ಮೇಲೆ ಯಂತ್ರ ಕಟಕಟ ಎನ್ನುತ್ತಿರುವಷ್ಟು ಹೊತ್ತು ಅದಕ್ಕೆ ಗಾಢ ನಿದ್ದೆ. ಶಬ್ದ ನಿಂತಿತೋ, ಕಣ್ಣು ಬಿಟ್ಟು ಊರೆಲ್ಲ ಕೇಳುವ ಹಾಗೆ ರಾಗ ತೆಗೆಯುತ್ತಿತ್ತು. ಹೀಗಾಗಿ ಟೈಪಕ್ಕ ನಿಲ್ಲಿಸದೆ ಟೈಪು ಮಾಡುವುದನ್ನು ರೂಢಿ ಮಾಡಿಕೊಂಡಳು. ಕೆಲಸ ಇಲ್ಲದಾಗ ಎದುರಿಗಿದ್ದ ಕ್ಯಾಲೆಂಡರಿನ ತಾರೀಖುಗಳನ್ನೋ, ಫಿನಾಯಿಲ್ ಡಬ್ಬದ ಮೇಲಿನ ಎಚ್ಚರಿಕೆಯನ್ನೋ ರದ್ದಿ ಹಾಳೆಯ ಮೇಲೆ ಕುಟ್ಟುತ್ತಿದ್ದಳು. ಕಣ್ಣು ಎಲ್ಲೋ, ಮನಸ್ಸು ಎಲ್ಲೋ, ಬೆರಳು ಮಾತ್ರ ತಮ್ಮ ಪಾಡಿಗೆ ತಾವು.

ಯಂತ್ರವೂ ಸುಲಭದ್ದಲ್ಲ. ಕಪ್ಪು ಬಣ್ಣದ್ದು, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ತಂಡಿ ಹವೆ ಇದ್ದರೆ ಕೊಂಬಿನ ಕೀಲಿ ಅಂಟಿಕೊಂಡು ಮೇಲೇಳುತ್ತಲೇ ಇರಲಿಲ್ಲ. ಕೊಂಬಿಲ್ಲದ 'ಗುಣ' ಗಣವಾಗಿ, 'ಹುಳು' ಹಳವಾಗಿ ಕುಳಿತಿರುತ್ತಿತ್ತು. ಒತ್ತಕ್ಷರಕ್ಕೆ ಒಂದು ಏಟು ಹೆಚ್ಚು. ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಸೇರಿಸಿ ರೋಲರಿಗೆ ಕೊಟ್ಟರೆ, ಕೊನೆಯ ಪ್ರತಿಗೂ ಅಕ್ಷರ ಇಳಿಯುವ ಹಾಗೆ ಬಲವಾಗಿ ಹೊಡೆಯಬೇಕು. ಪುಟದ ಕೊನೆಯ ಸಾಲಿನಲ್ಲಿ ತಪ್ಪಾದರೆ ಇಡೀ ಪುಟ ಮತ್ತೆ ಮೊದಲಿಂದ. ಸಂಜೆ ಮನೆಗೆ ಹೋಗಿ ಮಗಳ ಕೆನ್ನೆ ಮುಟ್ಟಿದರೆ ಅಲ್ಲೊಂದು ಕಾರ್ಬನ್ನಿನ ನೇರಳೆ ಗುರುತು. ಸಾಲಿನ ತುದಿಗೆ ಬಂದಾಗ ಟಿಣ್ ಎನ್ನುವ ಗಂಟೆ ಮಾತ್ರ ಅವಳಿಗೆ ತುಂಬ ಇಷ್ಟ. ಯಾರೋ 'ಭೇಷ್' ಅಂದಂತೆ ಕೇಳುತ್ತಿತ್ತು.

ಮರುವರ್ಷ ಡಾಕ್ಟರು ಪುಸ್ತಕ ಬರೆಯಲು ಹೊರಟರು. ಎಳೆಯ ಮಕ್ಕಳನ್ನು ಸಾಕುವುದು ಹೇಗೆ ಎಂದು ತಾಯಂದಿರಿಗೆ ತಿಳಿಸುವ ಪುಸ್ತಕ. ಒಂದು ಮಗುವನ್ನು ನೋಡಿ ಕಳಿಸಿ ಇನ್ನೊಂದು ಒಳಗೆ ಬರುವಷ್ಟರಲ್ಲಿ ಎರಡು ಸಾಲು ಗೀಚುವರು. ಅವರ ಬರಹವೋ, ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಓದಬಲ್ಲವರು ಭೂಮಿಯ ಮೇಲೆ ಇಬ್ಬರೇ, ಕಂಪೌಂಡರ್ ಮತ್ತು ಟೈಪಕ್ಕ. ಎಷ್ಟೋ ಸಲ ಡಾಕ್ಟರೇ ಹಾಳೆ ಹಿಡಿದುಕೊಂಡು ಬಂದು, "ಇಲ್ಲೇನು ಬರ್ದಿದೀನಮ್ಮ ನಾನು?" ಎಂದು ಕೇಳಿದ್ದುಂಟು. ಟೈಪಾದ ಕರಡನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದಿದರೆ ಅವಳು ಶುದ್ಧಪ್ರತಿ ಮಾಡುವಳು. ಅದು ಅಂಚೆಯಲ್ಲಿ ದೂರದ ಮುದ್ರಣಾಲಯಕ್ಕೆ ಹೋಗುವುದು. ಅಲ್ಲಿಂದ ಅಚ್ಚುಮೊಳೆ ಜೋಡಿಸಿ ತೆಗೆದ ಪರೀಕ್ಷಾ ಪ್ರತಿ ವಾಪಸ್ಸು ಬರಲು ಹನ್ನೆರಡು ದಿನ. ಒಂದು ಅಲ್ಪವಿರಾಮ ಸರಿಯಾಯಿತೋ ಇಲ್ಲವೋ ತಿಳಿಯಲು ಎರಡು ವಾರ ಕಾಯಬೇಕು. ಕಾಯುತ್ತಿದ್ದರು. ಹದಿನಾಲ್ಕು ತಿಂಗಳಿಗೆ ಪುಸ್ತಕ ಬಂತು.

ಹಸಿರು ರಟ್ಟಿನ ಆ ಪುಸ್ತಕವನ್ನು ಜನ ಹಸಿರು ಪುಸ್ತಕವೆಂದೇ ಕರೆದರು. ಹೆರಿಗೆಯಾದವರ ಮನೆಗೆ ಹೋಗುವವರು ಅದನ್ನೇ ಕೈಯಲ್ಲಿ ಹಿಡಿದು ಹೋಗುವಷ್ಟು ಮನೆಮಾತಾಯಿತು. ಅದರಲ್ಲೂ ನಲವತ್ತೊಂದನೇ ಪುಟದ ಎರಡು ವಾಕ್ಯ: "ಮಗು ಅಳುವಾಗ ಮೊದಲು ನೀವು ಕುಳಿತುಕೊಳ್ಳಿ. ಒದ್ದೆಯಾಗಿದ್ದರೆ ಬದಲಾಯಿಸಿ." ಹೆರಿಗೆ ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿದರು. ಒಬ್ಬ ನಿವೃತ್ತ ಮೇಷ್ಟರು ಸಭೆಯಲ್ಲಿ ಅದನ್ನು ಬಿಡಿಸಿ ಬಿಡಿಸಿ ಹೇಳಿದರು. ಒದ್ದೆಯಾಗಿದ್ದರೆ ಎಂದರೆ ತಾಯಿಯ ಕಣ್ಣು ಒದ್ದೆಯಾಗಿದ್ದರೆ, ಬದಲಾಯಿಸಿ ಎಂದರೆ ನಿಮ್ಮ ಮನಸ್ಸನ್ನು ಬದಲಾಯಿಸಿ ಅಂತ. ಚಪ್ಪಾಳೆಯೋ ಚಪ್ಪಾಳೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಟೈಪಕ್ಕನೂ ತಟ್ಟಿದಳು. ಪಕ್ಕದವರು ಹೊಗಳಿದಾಗ, "ಅಯ್ಯೋ, ನಂದೇನಿದೆ, ನಾನು ಬರೀ ಕುಟ್ಟಿದ್ದು" ಎಂದಳು. ಆ ಮಾತನ್ನು ಅವಳು ಜೀವಮಾನವಿಡೀ ಹೇಳಿಕೊಂಡು ಬಂದಳು, ಮನಸಾರೆ ನಂಬಿಯೂ ಇದ್ದಳು.

ಡಾಕ್ಟರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ದವಾಖಾನೆ ಮುಚ್ಚಿದಾಗ ಯಂತ್ರ ಅವಳ ಪಾಲಿಗೆ ಬಂತು. ಎಪ್ಪತ್ನಾಲ್ಕರ ಟೈಪಕ್ಕ ಈಗಲೂ ತಿಂಗಳಿಗೊಮ್ಮೆ ಮಗಳಿಗೆ ಅದರಲ್ಲೇ ಕಾಗದ ಬರೆಯುತ್ತಾಳೆ. ದಿನಾ ಫೋನಿನಲ್ಲಿ ಮಾತಾಡುವವಳಿಗೆ ಕಾಗದವೇಕೆ ಎಂದು ಯಾರಾದರೂ ಕೇಳಿದರೆ, "ಫೋನಲ್ಲಿ ಅವಳೇ ಮಾತಾಡ್ತಾಳೆ, ಕಾಗದದಲ್ಲಿ ನಾನು" ಎನ್ನುತ್ತಾಳೆ.

ಒಂದು ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಡಾಕ್ಟರ ಮೊಮ್ಮಗಳು ಅವಳನ್ನು ಹುಡುಕಿಕೊಂಡು ಬಂದಳು. ಚೂಟಿ ಹುಡುಗಿ, ಪ್ರಕಾಶನದ ಕೆಲಸ ಮಾಡುವವಳು. ಹಸಿರು ಪುಸ್ತಕಕ್ಕೆ ಐವತ್ತು ವರ್ಷ ತುಂಬುವ ಹೊತ್ತಿಗೆ ಹೊಸ ಮುದ್ರಣ ತರಬೇಕೆಂದು ತಾತನ ಪೆಟ್ಟಿಗೆ ತೆಗೆದಿದ್ದಳಂತೆ. ಕೈಬರಹವೂ ಸಿಕ್ಕಿತು, ಕೆಂಪು ಶಾಯಿಯ ಕರಡೂ ಸಿಕ್ಕಿತು. ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು.

"ಅಮ್ಮಾ, ಇದು ತಾತ ಬರೆದದ್ದು, ಇದು ನೀವು ಟೈಪ್ ಮಾಡಿದ್ದು. ನನಗೆ ತಾತನ ಅಕ್ಷರ ಸರಿಯಾಗಿ ತಿಳಿಯಲ್ಲ. ಈ ಸಾಲು ಏನು ಅಂತ ಓದಿ ಹೇಳ್ತೀರಾ?"

ಟೈಪಕ್ಕ ಕನ್ನಡಕ ಒರೆಸಿಕೊಂಡು ನೋಡಿದಳು. ಎಷ್ಟೋ ವರ್ಷದ ಮೇಲೆ ಆ ಗೀಚು ಕಂಡು ಖುಷಿಯಾಯಿತು. ಗಟ್ಟಿಯಾಗಿ ಓದಿದಳು: "ಮಗು ಅಳುವಾಗ ಮೊದಲು ಬಟ್ಟೆ ನೋಡಿಕೊಳ್ಳಿ. ಒದ್ದೆಯಾಗಿದ್ದರೆ ಬದಲಾಯಿಸಿ."

ಓದಿ ಮುಗಿಸಿ ಮತ್ತೊಮ್ಮೆ ನೋಡಿದಳು. ಕನ್ನಡಕ ತೆಗೆದಳು, ಮತ್ತೆ ಹಾಕಿದಳು. ಬಟ್ಟೆ ಬಟ್ಟೆಯೇ ಆಗಿತ್ತು.

"ನನಗೂ ಬಟ್ಟೆ ಅಂತಲೇ ಅನ್ನಿಸ್ತು," ಮೊಮ್ಮಗಳು ಮೆಲ್ಲಗೆ ಅಂದಳು. "ಆದ್ರೆ ನೀವು 'ನೀವು ಕುಳಿತುಕೊಳ್ಳಿ' ಅಂತ ಟೈಪ್ ಮಾಡಿದೀರಿ. ತಾತ ಬಾಯಲ್ಲಿ ಹೇಳಿ ಬದಲಾಯಿಸಿದ್ರಾ?"

"ಗೊತ್ತಿಲ್ಲ ಕಣೆ ಮಗಳೇ."

"ನೀವೇ ಯೋಚನೆ ಮಾಡಿ ಹಾಕಿದ್ರಾ?"

"ನಾನಾ? ನಾನು ಬರೀ ಕುಟ್ಟಿದ್ದು." ಹೇಳುತ್ತಿರುವಾಗಲೇ ಆ ಮಾತು ಟೊಳ್ಳಾಗಿ ಕೇಳಿಸಿತು. ತಪ್ಪು ಓದಿರಬಹುದೇ? ಇಷ್ಟು ಸ್ಪಷ್ಟವಾಗಿರುವುದನ್ನು ಇಪ್ಪತ್ಮೂರರ ಕಣ್ಣು ತಪ್ಪು ಓದುತ್ತದೆಯೇ? ಬೇಕೆಂತಲೇ ಬದಲಾಯಿಸಿದ್ದರೆ ನೆನಪಿರುತ್ತಿರಲಿಲ್ಲವೇ? ತಲೆಬುಡ ಹತ್ತಲಿಲ್ಲ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಒಂದು ಕಡೆ ಹೀಗಾಗಿದ್ದರೆ ಮಿಕ್ಕ ಕಡೆ?

"ಔಷಧಿ ಅಳತೆ ಇರೋ ಪುಟಗಳು ಎಲ್ಲಿ? ತೆಗಿ, ಮೊದ್ಲು ಅದನ್ನ ತೆಗಿ," ಅಂದಳು. ಅವಳ ದನಿ ಕೇಳಿ ಹುಡುಗಿಯೇ ಹೆದರಿದಳು.

ಆವತ್ತು ಇಬ್ಬರಿಗೂ ಊಟದ ಪರಿವೆ ಇರಲಿಲ್ಲ. ಅಡಿಪಟ್ಟಿಯನ್ನು ಸಾಲಿನ ಕೆಳಗಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಹದಿನಾರು ಪುಟಗಳನ್ನು ತಾಳೆ ನೋಡಿದರು. ಒಬ್ಬಳು ಓದುವುದು, ಇನ್ನೊಬ್ಬಳು 'ಸರಿ' ಎನ್ನುವುದು. ಎಷ್ಟು ಹನಿ, ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ. ಒಂದೇ ಒಂದು ಅಂಕಿ ತಪ್ಪಿರಲಿಲ್ಲ. ಟೈಪಕ್ಕ ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು. ಬರುವಷ್ಟರಲ್ಲಿ ಮೊಮ್ಮಗಳು ಕರಡಿನ ಇನ್ಯಾವುದೋ ಪುಟ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು.

ಕೆಮ್ಮಿನ ಅಧ್ಯಾಯ. "ಕಫ ಗಟ್ಟಿಯಾಗಿದ್ದರೆ ಬಿಸಿನೀರಿನ ಛತ್ರಿ ಮೂಲೆಗೆ ಇಡಿ ಹಬೆ ತೋರಿಸಬೇಕು." ನಡುವಿನ ಮೂರು ಪದಗಳ ಮೇಲೆ ಡಾಕ್ಟರ ಕೆಂಪು ಗೀಟು. ಲಸಿಕೆಯ ಅಧ್ಯಾಯದಲ್ಲಿ ವಾಕ್ಯದ ಮಧ್ಯೆ "ಮುಂದಿನವರು ಬನ್ನಿ". ಅದರ ಮೇಲೂ ಗೀಟು. ಹಲ್ಲು ಹುಟ್ಟುವ ಅಧ್ಯಾಯದಲ್ಲಿ "ಸೀಸೆ ತಂದಿದೀರಾ".

ಟೈಪಕ್ಕನಿಗೆ ನಾಚಿಕೆಯಿಂದ ಮುಖ ಕೆಂಪಾಯಿತು. ಡಾಕ್ಟರು ಒಂದು ದಿನವೂ ಇದನ್ನು ಎತ್ತಿ ಆಡಿರಲಿಲ್ಲ, ಸದ್ದಿಲ್ಲದೆ ಗೀಟು ಹೊಡೆದಿದ್ದರು. ಶುದ್ಧಪ್ರತಿ ಮಾಡುವಾಗಲೂ ಅವಳ ಬೆರಳು ಗೀಟು ದಾಟಿಕೊಂಡು ಹೋಗಿತ್ತೇ ಹೊರತು, ಮನಸ್ಸು ಅದನ್ನು ಗಮನಿಸಿರಲಿಲ್ಲ. ಮಗು ಎದ್ದೀತೆಂಬ ಹೆದರಿಕೆಗೆ ಬೆರಳು ನಿಲ್ಲಿಸದೆ, ಅಕ್ಷರ ತಿಳಿಯದ ಕಡೆ ಕಿವಿಗೆ ಬಿದ್ದದ್ದನ್ನೆಲ್ಲ ಕುಟ್ಟಿಬಿಟ್ಟಿದ್ದಳು, ಅಷ್ಟೇ. ಆದರೆ ಛತ್ರಿ, ಸೀಸೆ, ಮುಂದಿನವರು? ಇದು ಯಾರ ದನಿ ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಏಳು," ಅಂದಳು. "ಕಂಪೌಂಡರ್ ಅಣ್ಣನ ಮನೆಗೆ ಹೋಗೋಣ."

ಕಂಪೌಂಡರ್ ಎರಡು ಬೀದಿ ಆಚೆ ಮಗನ ಮನೆಯಲ್ಲಿದ್ದ. ಎಪ್ಪತ್ತೆಂಟಾದರೂ ಗಂಟಲು ಮಾತ್ರ ಹಾಗೇ ಇತ್ತು. ಕಿವಿ ಮಂದವಾದ ಮೇಲೆ ಇನ್ನಷ್ಟು ಜೋರಾಗಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದವನ ಮುಂದೆ ಟೈಪಕ್ಕ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅರ್ಧ ಕೇಳುವಷ್ಟರಲ್ಲೇ ಅವನು ತೊಡೆ ತಟ್ಟಿಕೊಂಡ.

"ನಂದೇ! ಅದು ನಂದೇ ಮಾತು!"

"ಯಾವ್ದು ಅಣ್ಣಾ?"

"ಕೂತ್ಕೊಳಿ ಅನ್ನೋದು! ದಿನಕ್ಕೆ ನೂರು ಸಲ ಹೇಳ್ತಿದ್ದೆ. ಮಗು ಅಳ್ತಿದೆ ಅಂತ ಎಲ್ಲಾ ತಾಯಂದಿರೂ ಎದ್ದು ಬಂದು ನನ್ನ ಕಿಟಕಿಗೆ ಅಡ್ಡ ನಿಂತ್ಕೋತಿದ್ರು. ನಾನು ಔಷಧಿ ಕೊಡೋದು ಹೇಗೆ? 'ಮೊದ್ಲು ನೀವು ಕೂತ್ಕೊಳಿ, ಮೊದ್ಲು ನೀವು ಕೂತ್ಕೊಳಿ' ಅಂತ ಅರಚಿ ಅರಚಿ ನನ್ನ ಗಂಟಲು ಹೋಗ್ತಿತ್ತು. ಟೈಪಕ್ಕನ ಮೇಜು ಪಕ್ಕದಲ್ಲೇ ಇತ್ತಲ್ಲ!"

ಮೊಮ್ಮಗಳು ಬೆಪ್ಪಾಗಿ ನಿಂತಳು. "ಅಂದ್ರೆ, ದಾರಿ ಬಿಡಿ ಅಂತನಾ?"

"ಮತ್ತೇನು? ಬೆಂಚು ಖಾಲಿ ಇರ್ತಿತ್ತು, ಕೂತ್ಕೊಂಡು ಸಾಯೋಕೇನು ಕಷ್ಟ ಅಂತ!"

ವಾಪಸ್ಸು ಬರುವ ದಾರಿಯುದ್ದಕ್ಕೂ ಟೈಪಕ್ಕನಿಗೆ ಅದೇ ಯೋಚನೆ. ಗೋಡೆಯ ಮೇಲೆ ಬರೆಸಿದ ಮಾತು, ಮೇಷ್ಟರು ಬಿಡಿಸಿ ಹೇಳಿದ ಮಾತು, ನುಗ್ಗಬೇಡಿ ಎಂದು ಜನರನ್ನು ಗದರಿಸಿದ ಮಾತಾಗಿ ಹೋಗಿತ್ತು. ಹಾಗಾದರೆ ಅದನ್ನು ಓದಿ ಸಮಾಧಾನಪಟ್ಟವರೆಲ್ಲ ಮೋಸ ಹೋದರೇ? ಆದರೆ ಸಮಾಧಾನವಾದದ್ದು ನಿಜವಲ್ಲವೇ? ಅವಳ ಮಗಳೇ ಮೊದಲ ಬಾಣಂತನದಲ್ಲಿ, ಅಳುವ ಕೂಸನ್ನು ಎತ್ತಿಕೊಂಡು ಕೋಣೆಯಿಂದ ಕೋಣೆಗೆ ಓಡಾಡಿ ಸುಸ್ತಾಗಿ, ಕೊನೆಗೆ ಆ ಪುಟ ನೆನೆದು ಕುಳಿತುಕೊಂಡಿದ್ದಳು. ಕುಳಿತ ಮೇಲೆ ಅವಳ ಎದೆಬಡಿತ ಇಳಿಯಿತು, ಕೂಸಿನ ಅಳುವೂ ಇಳಿಯಿತು. ಬಟ್ಟೆ ನೋಡಿಕೊಳ್ಳಿ ಎಂದಿದ್ದರೆ ಬಟ್ಟೆ ನೋಡುತ್ತಿದ್ದಳು. ಅದೂ ಸರಿಯಾದ ಮಾತೇ. ಯಾವುದು ಹೆಚ್ಚು ಸರಿ? ಟೈಪಕ್ಕನ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು.

ಮನೆಗೆ ಬಂದ ಮೇಲೆ ಮೊಮ್ಮಗಳು ಕರಡಿನ ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಅಮ್ಮಾ, ಇಲ್ನೋಡಿ. ಇದು ಮೊದ್ಲು ಕಣ್ಣಿಗೆ ಬಿದ್ದಿರಲಿಲ್ಲ."

'ನೀವು ಕುಳಿತುಕೊಳ್ಳಿ' ಎಂಬುದರ ಪಕ್ಕ, ಅಂಚಿನಲ್ಲಿ, ಕೆಂಪು ಶಾಯಿಯ ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಮತ್ತೆ ಆ ಚಿಹ್ನೆಯ ಮೇಲೆಯೇ ಒಂದು ಗೀಟು.

ಡಾಕ್ಟರಿಗೆ ಅನುಮಾನ ಬಂದಿತ್ತು. ಆಮೇಲೆ ಅನುಮಾನವನ್ನೇ ಹೊಡೆದುಹಾಕಿದ್ದರು. ಮಾತನ್ನು ಮಾತ್ರ ಉಳಿಸಿದ್ದರು.

"ನಿಮ್ಮನ್ನ ಏನಾದ್ರೂ ಕೇಳಿದ್ರಾ ತಾತ? ನೆನಪು ಮಾಡ್ಕೊಳಿ."

ಟೈಪಕ್ಕ ಕಣ್ಣು ಮುಚ್ಚಿದಳು. ಒಂದು ಸಲ ಡಾಕ್ಟರು ಹಾಳೆ ಹಿಡಿದುಕೊಂಡು ಅವಳ ಮೇಜಿನ ತನಕ ಬಂದದ್ದು, ಬಗ್ಗಿ ಪೆಟ್ಟಿಗೆಯೊಳಗಿನ ಮಗುವನ್ನು ನೋಡಿದ್ದು, ಏನೋ ಹೇಳಲು ಬಾಯಿ ತೆಗೆದು ಹೇಳದೆ ಒಳಗೆ ಹೋದದ್ದು ಕಂಡಿತು. ಅದು ಆ ಹಾಳೆಯೋ, ಬೇರೆ ಹಾಳೆಯೋ? ಅವರು ಹಾಳೆ ಹಿಡಿದು ಬಂದದ್ದು ನೂರಾರು ಸಲ, ಮಗುವನ್ನು ನೋಡಿದ್ದೂ ನೂರಾರು ಸಲ. ಅದೆಲ್ಲ ಸೇರಿ ಒಂದೇ ದಿನವಾಗಿ ಕಾಣುತ್ತಿದೆಯೋ ಏನೋ.

"ಇಲ್ಲ ಕಣೆ. ಗಟ್ಟಿಯಾಗಿ ಏನೂ ಹೇಳೋಕಾಗಲ್ಲ."

"ಹಾಗಾದ್ರೆ ಹೊಸ ಮುದ್ರಣದಲ್ಲಿ ಯಾವುದು ಹಾಕಲಿ? ತಾತ ಬರೆದದ್ದಾ, ತಾತ ಉಳಿಸಿದ್ದಾ? ಯಾರ ಮಾತು ಅಂತ ಹಾಕಲಿ? ನಿಮ್ಮ ಹೆಸರು ಹಾಕಲಾ?"

"ನನ್ನ ಹೆಸರಾ? ಬೇಡಮ್ಮಾ, ನಾನು..." ಎಂದವಳು ತಡೆದಳು. ಬರೀ ಕುಟ್ಟಿದ್ದು ಎನ್ನಲು ನಾಲಿಗೆ ಹೊರಳಲಿಲ್ಲ. ಬರೆದೆ ಎನ್ನಲೂ ಹೊರಳಲಿಲ್ಲ. "ನನಗೆ ಒಂದು ವಾರ ಕೊಡು," ಅಂದಳು.

ಆ ವಾರ ಅವಳ ಬಾಳಿನಲ್ಲೇ ವಿಚಿತ್ರವಾದ ವಾರ. ಬೆಳಗ್ಗೆ ಎದ್ದಾಗ ಬಟ್ಟೆ ಸರಿ ಅನ್ನಿಸುತ್ತಿತ್ತು. ಡಾಕ್ಟರ ಪುಸ್ತಕ, ಡಾಕ್ಟರ ಮಾತೇ ಇರಲಿ. ಸ್ನಾನ ಮುಗಿಸುವಷ್ಟರಲ್ಲಿ ಮನಸ್ಸು ಹೊರಳುತ್ತಿತ್ತು. ಫೋನಿನಲ್ಲಿ ಮಗಳನ್ನು ಕೇಳಿದಳು. ಮಗಳು, "ಅಮ್ಮಾ, 'ಒದ್ದೆಯಾಗಿದ್ದರೆ' ಅಂದ್ರೆ ಏನು ಅಂತ ಇಷ್ಟು ವರ್ಷ ಆದ್ಮೇಲೆ ಇವತ್ತು ಗೊತ್ತಾಯ್ತು" ಎಂದು ನಕ್ಕಳು. ಆಮೇಲೆ, "ನನ್ನ ಕೇಳಿದ್ರೆ ಅದು ನಂದೇ ಮಾತು. ನಾನು ಪೆಟ್ಟಿಗೇಲಿ ಅಳದೇ ಇದ್ದಿದ್ರೆ ನೀನು ನಿಲ್ಲಿಸಿ ಸರಿಯಾಗಿ ಓದಿ ಟೈಪ್ ಮಾಡ್ತಿದ್ದೆ" ಅಂದಳು. ಇದು ತಮಾಷೆಯೋ ನಿಜವೋ ಎಂದು ತೀರ್ಮಾನಿಸಲು ಟೈಪಕ್ಕನಿಗೆ ಇನ್ನೊಂದು ಇಡೀ ದಿನ ಹಿಡಿಯಿತು. ತೀರ್ಮಾನವಾಗಲಿಲ್ಲ.

ಎಂಟನೆಯ ದಿನ ಯಂತ್ರದ ಮೇಲಿನ ಬಟ್ಟೆ ಸರಿಸಿ ಹಾಳೆ ಏರಿಸಿದಳು. ಇದುವರೆಗೆ ಮಗಳನ್ನು ಬಿಟ್ಟು ಬೇರೆ ಯಾರಿಗೂ ತನ್ನದೆಂದು ಒಂದು ಸಾಲು ಬರೆದವಳಲ್ಲ. ಬೆರಳು ತಡವರಿಸಿತು. ನಾಲ್ಕು ಸಲ ಹಾಳೆ ಕಿತ್ತು, ಐದನೆಯ ಸಲ ಇಷ್ಟು ಬರೆದಳು:

"ನಲವತ್ತೊಂದನೇ ಪುಟದಲ್ಲಿ ಡಾಕ್ಟರು ಬರೆದದ್ದು, ಬಟ್ಟೆ ನೋಡಿಕೊಳ್ಳಿ ಎಂದು. ನಾನು ಟೈಪು ಮಾಡಿದ್ದು, ನೀವು ಕುಳಿತುಕೊಳ್ಳಿ ಎಂದು. ಪಕ್ಕದಲ್ಲಿ ಕಂಪೌಂಡರ್ ಆ ಮಾತನ್ನು ಬೇರೆ ಕಾರಣಕ್ಕೆ ಹೇಳುತ್ತಿದ್ದರು. ಡಾಕ್ಟರು ನೋಡಿ, ಬೇಡವೆನ್ನದೆ ಬಿಟ್ಟರು. ಯಾಕೆ ಬಿಟ್ಟರೆಂದು ನನಗೆ ಗೊತ್ತಿಲ್ಲ. ಎರಡನ್ನೂ ಮಾಡಿದರೆ ತೊಂದರೆಯೇನಿಲ್ಲ."

ಮೊಮ್ಮಗಳು ಒಂದಕ್ಷರ ತಿದ್ದದೆ ಅದನ್ನು ಆ ಪುಟದ ಅಡಿಯಲ್ಲಿ ಹಾಕಿದಳು. ಮೇಲೆ ಹಳೆಯ ವಾಕ್ಯ ಹಾಗೆಯೇ ಉಳಿಯಿತು. ಟಿಪ್ಪಣಿಯ ಕೊನೆಗೆ ಟೈಪಕ್ಕನ ಪೂರ್ತಿ ಹೆಸರು.

ಪುಸ್ತಕ ಕೈಗೆ ಬಂದ ಮೂರನೆಯ ದಿನ ಕಂಪೌಂಡರ್ ತನ್ನ ಪ್ರತಿ ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಬಂದ. ಟಿಪ್ಪಣಿಯ ಅಕ್ಷರ ಸಣ್ಣದು, ಓದಿ ಹೇಳಿ ಎಂದ. ಅವನಿಗೆ ಕೇಳುವ ಹಾಗೆ ಜೋರಾಗಿ ಎರಡು ಸಲ ಓದಿದಳು. ಹಿಗ್ಗಿ ಹೀರೇಕಾಯಿಯಾಗುತ್ತಾನೆ ಅಂದುಕೊಂಡಿದ್ದಳು. ಅವನು ಬಾಗಿಲ ಕಡೆ ನೋಡುತ್ತ ಕುಳಿತ.

"ಯಾಕಣ್ಣಾ, ಏನಾದ್ರೂ ತಪ್ಪಾಯ್ತಾ?"

"ತಪ್ಪಲ್ಲ ಟೈಪಕ್ಕಾ. ಒಂದು ಮಾತು ಹೇಳ್ತೀನಿ, ನಗಬಾರದು." ಮೊದಲ ಸಲ ಅವನ ದನಿ ಇಳಿಯಿತು. "ಅವತ್ತು ನೀವು ಬಂದು ಕೇಳೋ ತನಕ ನನಗೆ ಆ ವಿಷಯ ನೆನಪಲ್ಲೇ ಇರಲಿಲ್ಲ. ಕೇಳಿದ ತಕ್ಷಣ ಬಂತು ನೋಡಿ, ಕಿಟಕಿ, ಜನ, ಎಲ್ಲಾ. ಈಗ ಅನ್ನಿಸ್ತಿದೆ, ನಿಜವಾಗಿ ನಾನು ಹಾಗೆ ಹೇಳ್ತಿದ್ನಾ? ಇಲ್ಲಾ, ಪುಸ್ತಕದಲ್ಲಿ ಓದಿ ಓದಿ, ನಾನೇ ಹೇಳಿದ್ದೆ ಅಂದ್ಕೊಂಡ್ನಾ? 'ಸರದಿ ಸಾಲಲ್ಲಿ ನಿಲ್ಲಿ' ಅಂತ ಹೇಳ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ನಿಲ್ಲಿ ಅನ್ನೋನು ಕೂತ್ಕೊಳಿ ಅಂತ ಯಾಕೆ ಅಂದೇನು?"

ಟೈಪಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಯ್ಯೋ ಅಣ್ಣಾ, ಅಚ್ಚಾಗಿಬಿಟ್ಟಿದೆಯಲ್ಲ!"

"ಅದಕ್ಕೇ ಕೇಳ್ತಿರೋದು. ಸುಳ್ಳು ಹೇಳಿದ ಹಾಗಾಯ್ತಾ ನಾನು?"

"ಹಾಗೇನಿಲ್ಲ," ಅಂದಳು ಟೈಪಕ್ಕ. ಹಾಗೇನಿಲ್ಲ ಎಂದು ಅವಳಿಗೇ ಖಾತ್ರಿ ಇರಲಿಲ್ಲ. ಎದ್ದು ಅವನಿಗೆ ಚಹಾಕ್ಕೆ ಇಟ್ಟಳು. ನೀರು ಕುದಿಯುವಷ್ಟು ಹೊತ್ತೂ ಇಬ್ಬರೂ ಹಳೆಯ ದವಾಖಾನೆಯ ಬೆಂಚುಗಳು ಎಷ್ಟಿದ್ದವು ಎಂದು ವಾದ ಮಾಡಿದರು. ಅವನು ಮೂರು ಎಂದ, ಅವಳು ಎರಡು ಎಂದಳು.